ಉಪವಾಸದ ತೊಟ್ಟಿ

ಎರಡೂ ತೊಟ್ಟಿಯ ಕಡಲ ಸಿಂಪಿಗಳು ತಕ್ಕಡಿಯಲ್ಲಿ ಸರಿಸಮ ತೂಗಿದ್ದೇ ಎಡವಟ್ಟಾಯಿತು.

ಒಂದನೇ ತೊಟ್ಟಿಗೆ ದಿನಾ ಪಾಚಿನೀರಿನ ಊಟ. ಎರಡನೆಯದಕ್ಕೆ ಮೂರು ತಿಂಗಳಿಂದ ಬರೀ ಸೋಸಿದ ಉಪ್ಪುನೀರು. ಊಟವಿಲ್ಲದೆ ಸಿಂಪಿಯ ಮೈಯಲ್ಲಿ ಏನೇನಾಗುತ್ತದೆ ಎಂಬುದು ಪ್ರಯೋಗಾಲಯದ ಮೇಡಂ ಅವರ ಸಂಶೋಧನೆ. ತೊಟ್ಟಿ ನೋಡಿಕೊಳ್ಳುವವನನ್ನು ಎಲ್ಲರೂ ಕರೆಯುವುದು ಚಿಪ್ಪಣ್ಣ ಎಂದು.

ಮೇಡಂ ಕನ್ನಡಕದ ಮೇಲಿಂದ ಅವನನ್ನು ನೋಡಿದರು. “ಉಪವಾಸ ಇದ್ದವು ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ನಿಜ ಹೇಳು, ಕದ್ದು ಊಟ ಹಾಕ್ತಿದೀಯಾ?”

“ಅಮ್ಮನಾಣೆ ಇಲ್ಲ ಮೇಡಂ!”

ಆಣೆ ಹಾಕಿದ್ದೇ ತಪ್ಪಾಯಿತು. ಆಣೆ ಹಾಕುವವನು ಕಳ್ಳನೇ ಎಂಬುದು ಬಾಗಿಲಲ್ಲಿ ನಿಂತಿದ್ದ ಸ್ಟೋರ್‌ಕೀಪರರ ಸಿದ್ಧಾಂತ. “ನಂಗೆ ಮೊದಲಿಂದ್ಲೂ ಅನುಮಾನ. ಇವನದು ಬೆಣ್ಣೆ ಮನಸ್ಸು ಮೇಡಂ. ಹೋದ ವರ್ಷ ಬೋನಿಗೆ ಬಿದ್ದ ಇಲಿಗೆ ಕುಡಿಯೋಕೆ ನೀರಿಟ್ಟಿದ್ದ!”

ವಾಚ್‌ಮನ್ ಕರೆಯದೆ ಬಂದ ಸಾಕ್ಷಿ. “ದಿನಾ ಎರಡನೇ ತೊಟ್ಟಿ ಮೇಲೆ ಬಗ್ಗಿ ಪಿಸಿಪಿಸಿ ಅಂತಿರ್ತಾನೆ.”

“ಇನ್ನು ಸ್ವಲ್ಪ ದಿನ ತಡ್ಕೊಳ್ರಪ್ಪಾ ಅಂತೀನಿ, ಅಷ್ಟೇ!”

“ಸಿಂಪಿಗೆ ಕಿವಿ ಇಲ್ಲ,” ಎಂದರು ಮೇಡಂ.

ಜೇಬು ಶೋಧಿಸಿದಾಗ ಸಿಕ್ಕಿದ್ದು ಒಂದಿಷ್ಟು ಪುಡಿ. ಮೇಡಂ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಕಾಲು ಗಂಟೆ ನೋಡಿ, ಬಿಸ್ಕತ್ತೇ ಎಂದು ಒಲ್ಲದ ಮನಸ್ಸಿನಿಂದ ಒಪ್ಪಿದರು. ಅಷ್ಟರಲ್ಲಿ ಟೈಪಿಸ್ಟ್ ಅಮಾನತಿನ ಪತ್ರ ಬಡಿದು ಸಹಿಗೆ ತಂದೇಬಿಟ್ಟಳು.

ಚಿಪ್ಪಣ್ಣ ಎರಡನೇ ತೊಟ್ಟಿಯಿಂದ ಒಂದು ಸಿಂಪಿ ಎತ್ತಿ ಮುಂದೆ ಹಿಡಿದ. “ಚಿಪ್ಪು ಬಡವಾಗುತ್ತಾ ಮೇಡಂ? ಒಂದು ಬಿಚ್ಚಿಯಾದ್ರೂ ನೋಡಿ!”

ಮೇಡಂ ಚಾಕು ತೂರಿಸಿ ಬಿಚ್ಚಿದರು. ಒಳಗಿನ ಮಾಂಸ ಹತ್ತು ಸಲ ತೊಳೆದ ಮಲ್ಲುಬಟ್ಟೆಯಂತೆ ತೆಳ್ಳಗೆ, ಆಚೆಬದಿ ಕಾಣುವಂತಿತ್ತು. ಮೈಯೊಳಗೆ ಕೂಡಿಟ್ಟ ಪಿಷ್ಟವನ್ನು ಮೊದಲು, ಆಮೇಲೆ ಕೊಬ್ಬನ್ನು ಕರಗಿಸಿಕೊಂಡು, ಎದೆಬಡಿತವನ್ನೂ ತಗ್ಗಿಸಿ ಜೀವ ಹಿಡಿದಿತ್ತು ಆ ಬಡಪಾಯಿ. ಕರಗಿದಷ್ಟು ಜಾಗಕ್ಕೆ ನೀರು ತುಂಬಿತ್ತು. ತೂಕ ಇಳಿಯದ ಗುಟ್ಟು ಅದೇ.

“ಸುಮ್ಮನೆ ಅನುಮಾನಪಟ್ಟೆ ಕಣಪ್ಪ,” ಎಂದು ಮೇಡಂ ಪತ್ರ ಹರಿದರು. “ಹೋಲಿಸಿ ನೋಡೋಣ, ಉಂಡದ್ದನ್ನೂ ಒಂದು ತೆಗಿ.”

ಉಂಡದ್ದನ್ನೂ ಬಿಚ್ಚಿದರು. ಅದೂ ತೆಳ್ಳಗೆ. ಅದೂ ನೀರು.

“ಇದರ ಊಟ ಎಲ್ಲಿ ಹೋಯ್ತೋ?” ಮೇಡಂ ದನಿ ಏರಿತು.

“ದಿನಾ ಎರಡು ಬಾಟಲಿ ಹಾಕಿದೀನಿ ಮೇಡಂ! ಸ್ಟೋರಿಂದ ಕೊಟ್ಟಿದ್ದನ್ನ ಕೊಟ್ಟ ಹಾಗೇ!”

ಎಲ್ಲರೂ ಸ್ಟೋರ್‌ಕೀಪರ್ ಕಡೆ ತಿರುಗಿದರು. “ಅದೂ... ಇವನು ಎರಡನೇ ತೊಟ್ಟಿಗೂ ಸುರೀತಾನೆ ಅನ್ನೋ ಗುಮಾನಿ ನಂಗೆ. ಅದಕ್ಕೇ ಮೊದಲ ದಿನದಿಂದ್ಲೂ ಬಾಟಲಿಗೆ ಹಸಿರು ಬಣ್ಣದ ನೀರು ತುಂಬಿ ಕೊಟ್ಟೆ. ನಿಮ್ಮ ಸಂಶೋಧನೆ ಕೆಡಬಾರ್ದಲ್ಲ!”

ಮೇಡಂ ಚಿಪ್ಪಣ್ಣನ ಕಡೆಯೇ ತಿರುಗಿದರು. “ಮೂರು ತಿಂಗಳು ಬಣ್ಣದ ನೀರು ಸುರಿದ್ಯಲ್ಲ, ನಿಂಗೆ ಗೊತ್ತಾಗ್ಬಾರ್ದಾ? ನಾಳೆಯಿಂದ ಮತ್ತೆ ಮೊದಲಿಂದ ಶುರು. ಪ್ರತಿ ಬಾಟಲಿಯಿಂದ್ಲೂ ನೀನೇ ಒಂದು ಗುಟುಕು ಕುಡಿದು, ಪಾಚಿನೀರೇ ಅಂತ ಖಾತ್ರಿಯಾದ್ಮೇಲೆ ಹಾಕು.”

“ಒಂದೇ ಗುಟುಕಿಗೆ ನಿಲ್ಲಿಸ್ತಾನೆ ಅಂತೀರಾ?” ಎಂದರು ಸ್ಟೋರ್‌ಕೀಪರ್. “ಇರ್ಲಿ, ನಾನು ಕಣ್ಣಿಟ್ಟಿರ್ತೀನಿ.”