ಒಂದು ಗೋಡೆ, ಎರಡು ಮೋಡೆಮ್

ನಾನು ನಿಂತದ್ದು ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಗೂ ನಡುಮನೆಗೂ ನಡುವಿನ ಬಾಗಿಲಲ್ಲಿ, ಹೊಸ್ತಿಲಿನಿಂದ ಈಚೆಗೆ. ಎರಡು ಸಾವಿರದ ಒಂಬತ್ತರ ಬೇಸಿಗೆ, ಭಾನುವಾರ, ತಿಂಡಿಯ ತಟ್ಟೆಗಳನ್ನು ಇನ್ನೂ ಎತ್ತಿರಲಿಲ್ಲ. ನನ್ನ ಎಡಗೈಯಲ್ಲಿ ಮೋಡೆಮ್ಮಿನ ಕರೆಂಟಿನ ವಯರು ಇತ್ತು. ಅದನ್ನು ಪ್ಲಗ್ಗಿನಿಂದ ಕಿತ್ತವನು ನಾನೇ. ಟೆಲಿಫೋನಿನ ಪಕ್ಕದಲ್ಲಿದ್ದ ಮೋಡೆಮ್ಮಿನಲ್ಲಿ ಒಂದು ದೀಪವೂ ಉರಿಯುತ್ತಿರಲಿಲ್ಲ. ಬಲಕ್ಕೆ, ನಡುಮನೆಯ ಮೇಜಿನ ಮೇಲಿದ್ದ ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇಂಟರ್ನೆಟ್ ಏನೂ ಆಗಿಲ್ಲವೆಂಬಂತೆ ಬರುತ್ತಲೇ ಇತ್ತು. ದೆವ್ವ ಭೂತ ನಂಬುವವನಲ್ಲ ನಾನು. ಆದರೂ ಕೈಯಲ್ಲಿದ್ದ ವಯರನ್ನು ಬಿಸಾಡಲಿಲ್ಲ. ಮೆಲ್ಲಗೆ, ಮರ್ಯಾದೆಯಿಂದ, ನೆಲಕ್ಕಿಟ್ಟೆ.

ಹೀಗೆ ಅಳೆದು ಹೇಳುವುದು ನನ್ನ ಕಸುಬಿನಿಂದ ಅಂಟಿದ ಚಟ. ಕೂಡ್ಲಿಗಿಯ ನೋಂದಣಿ ಕಚೇರಿಯ ಎದುರು ಕೂತು ಜನರ ಹೊಲ ಮನೆಗಳ ಪತ್ರ ಬರೆಯುವವನು ನಾನು. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಬಂಡಿ ದಾರಿ ಎಂದು ನಾಲ್ಕು ದಿಕ್ಕಿನ ಚೆಕ್ಕುಬಂದಿ ಹಾಕದೆ ಒಂದು ಸಾಲು ಮುಂದೆ ಹೋಗಲಾರೆ. ಮದುವೆಯ ಹೊಸದರಲ್ಲಿ ನನ್ನ ಹೆಂಡತಿ ಶಾಂತ ಜರಡಿ ಎಲ್ಲಿದೆ ಎಂದು ಕೇಳಿದ್ದಕ್ಕೆ, "ಉತ್ತರಕ್ಕೆ ಹಿಟ್ಟಿನ ಡಬ್ಬಿ, ದಕ್ಷಿಣಕ್ಕೆ ಗೋಡೆ" ಎಂದಿದ್ದೆನಂತೆ. ಇಂಥವನ ಮನೆಗೆ ಚೆಕ್ಕುಬಂದಿಯೇ ಇಲ್ಲದ ವಸ್ತುವೊಂದು ಬಂದು ಸೇರಿತು. ಬೆಂಗಳೂರಿನ ವಕೀಲರು ಪತ್ರಗಳ ಕರಡನ್ನು ಮೇಲ್‌ನಲ್ಲಿ ಕಳಿಸತೊಡಗಿದ ಮೇಲೆ ವೈಫೈ ಹಾಕಿಸಿದೆ. ಗೋಡೆ ಕಂಡರೆ ಅದು ನಿಲ್ಲುವುದಿಲ್ಲ; ಯಾರ ಅಂಗಳ ಎಂದು ಕೇಳುವುದಿಲ್ಲ.

ಮೊದಲು ಅದಕ್ಕೆ ಪಾಸ್‌ವರ್ಡೇ ಇರಲಿಲ್ಲ. ನಮ್ಮ ಓಣಿಯಲ್ಲಿ ಹಗಲಲ್ಲಿ ಮುಂಬಾಗಿಲು ಹಾಕುವ ಪದ್ಧತಿ ಇಲ್ಲ. ಹಾಕಿದರೆ, ಯಾರಿಗೆ ಏನಾಯಿತು ಎಂದು ವಿಚಾರಿಸಲು ನಾಲ್ಕು ಜನ ಬಂದು, ಬಾಗಿಲು ತೆಗೆದಿಟ್ಟಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ಗದ್ದಲವಾಗುತ್ತದೆ. ಆದರೆ ಯಾರದೋ ಮನೆಯ ವೈಫೈಯಿಂದ ಇನ್ನಾರೋ ಕೆಟ್ಟ ಮೇಲ್ ಕಳಿಸಿ, ಪೊಲೀಸರು ಮನೆಯವನನ್ನೇ ಮೊದಲು ಹಿಡಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆ. ಪತ್ರ ಯಾರ ಹೆಸರಿನಲ್ಲಿದೆಯೋ ನೋಟೀಸು ಅವರಿಗೇ ಬರುವುದು ಎಂಬುದು ನನಗೆ ಬೇರೆಯವರು ಹೇಳಬೇಕಾದ ಮಾತಲ್ಲ. ಅಂದೇ ಒಂದು ಘೋರ ಪಾಸ್‌ವರ್ಡ್ ಹಾಕಿದೆ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಮಧ್ಯೆ ಒಂದು ನಕ್ಷತ್ರ. ಅದು ಎಷ್ಟು ಭದ್ರವಾಗಿತ್ತೆಂದರೆ ನನಗೂ ಒಳಗೆ ಹೋಗಲಾಗಲಿಲ್ಲ. ಮನೆಗೆ ಬಂದ ಶಾಂತಳ ತಮ್ಮ ಅದನ್ನು ಮೂರು ಸಲ ತಪ್ಪು ಹೊಡೆದು, "ಮಾವಾ, ಇದರ ಬದ್ಲಿ ಪೇಪರ್ ಓದ್ತೀನಿ ಕೊಡ್ರಿ" ಎಂದ. ಕೊನೆಗೆ ಎಲ್ಲರಿಗೂ ಕಾಣುವಂತೆ ಅದನ್ನು ಮೋಡೆಮ್ಮಿನ ನೆತ್ತಿಯ ಮೇಲೇ ಬರೆದು ಅಂಟಿಸಿದೆವು. ಬೀಗ ಹಾಕಿ ಕೀಲಿಯನ್ನು ಬೀಗಕ್ಕೇ ಕಟ್ಟಿದಂತಾಯಿತು. ಆಮೇಲೆ ನಡುದಾರಿ ಹಿಡಿದೆ: ಭದ್ರತೆಯೂ ಇರಬೇಕು, ಬಾಯಿಗೂ ಸಲೀಸಾಗಿರಬೇಕು. ಹೊಸ ಪಾಸ್‌ವರ್ಡ್ ಇಟ್ಟು, ಯಾರಿಗೂ ಹೇಳಬಾರದೆಂದು ಶಾಂತಳಿಗೆ ತಾಕೀತು ಮಾಡಿದೆ. ವೈಫೈಯ ಹೆಸರನ್ನು ಮಾತ್ರ ಮೋಡೆಮ್ಮಿನ ಜೊತೆ ಬಂದದ್ದನ್ನೇ ಉಳಿಸಿದೆ. ನಮ್ಮ ಮನೆಗೆ ಬೋರ್ಡ್ ಬೇಕೇ ಎಂಬ ಧೋರಣೆ.

ಇನ್ನು ಪೂರ್ವದ ಚೆಕ್ಕುಬಂದಿ. ಪೂರ್ವಕ್ಕೆ ಬೀಜ, ಗೊಬ್ಬರದ ಅಂಗಡಿಯ ವಿರೂಪಾಕ್ಷಪ್ಪನ ಮನೆ. ಇಬ್ಬರಿಗೂ ಒಂದೇ ಗೋಡೆ. ನಾವು ಊರಿಗೆ ಹೋದರೆ ನಮ್ಮ ಬೀಗದ ಕೈ ಅವರ ಮನೆಯಲ್ಲಿ, ಅವರು ಹೋದರೆ ಅವರದು ನಮ್ಮ ಗೂಟದಲ್ಲಿ. ಒಮ್ಮೆ ನಾವು ಉಜ್ಜಿನಿಯ ನೆಂಟರ ಮನೆಗೆ ಹೋಗಿ ಎರಡು ದಿನ ಬಿಟ್ಟು ಬಂದೆವು. ಇಂಟರ್ನೆಟ್ ಎಷ್ಟು ಖರ್ಚಾಗಿದೆ ಎಂದು ಸುಮ್ಮನೆ ನೋಡಿದರೆ, ನಾವಿಲ್ಲದ ಆ ಎರಡೂ ದಿನ ಅದು ಚೆನ್ನಾಗಿಯೇ ಓಡಿತ್ತು. ಮೋಡೆಮ್ ಆರಿಸಲು ಮರೆತದ್ದು ನಿಜ. ಆದರೆ ಪಾಸ್‌ವರ್ಡ್ ಗೊತ್ತಿಲ್ಲದೆ ಯಾರು ಬಳಸುತ್ತಾರೆ? ಕಟ್ಟೆಯ ಮೇಲೆ ಕೂತಿದ್ದ ವಿರೂಪಾಕ್ಷಪ್ಪನ ಮುಂದೆ, ನೋವಾಗದ ಹಾಗೆ ಸುತ್ತಿ ಬಳಸಿ ವಿಷಯ ತೆಗೆದೆ. ಸುತ್ತಿದ್ದು ಹೆಚ್ಚಾಯಿತೋ ಏನೋ, ಅವನು ನೇರವಾಗಿ ಅದರ ಮಧ್ಯಕ್ಕೇ ಬಂದ.

"ರೈಟ್ರ, ಬೀಗದ ಕೈ ನನ್ನ ಹತ್ರ ಇತ್ತು, ನಾನ ಬಳಸೀನಿ ಅಂತ ಹೇಳಾಕತ್ತೀರಿ. ಹೌದಲ್ಲ?"

ಹಾಗಲ್ಲ ಎನ್ನಲು ನಾನು ಒಂದು ಕ್ಷಣ ತಡಮಾಡಿದೆ. ಆ ಒಂದು ಕ್ಷಣ ಸಾಕಾಯಿತು. ಮರುದಿನ ಬೆಳಿಗ್ಗೆ ಅವನ ತಾಯಿ ಸಿದ್ದಮ್ಮನವರು ಸೆರಗಿನ ಗಂಟು ಬಿಚ್ಚಿ ನಮ್ಮ ಬೀಗದ ಕೈಯನ್ನು ಹೊಸ್ತಿಲ ಮೇಲಿಟ್ಟು, ನಿಮ್ಮ ವಸ್ತು ನಿಮ್ಮ ಹತ್ತಿರವೇ ಇರಲಿ ಎಂದು ಮಗ ಹೇಳಿದ್ದಾನೆ ಎಂದು ತಿಳಿಸಿ, ಶಾಂತ ಕೊಟ್ಟ ಚಹಾ ಕುಡಿಯದೆ ಹೋದರು. ಅಂದಿನಿಂದ ಎರಡು ಮನೆಯ ನಡುವೆ ಪಲ್ಯದ ಬಟ್ಟಲು ಓಡಾಡುವುದು ನಿಂತಿತು. ಮುಂದಿನ ವಾರ ಹಡಗಲಿಯಲ್ಲಿ ಶಾಂತಳ ಅಣ್ಣನ ಮಗಳ ಮದುವೆ. ಕೊಟ್ಟಿಗೆಯಲ್ಲಿ ಎಮ್ಮೆ. ಅದಕ್ಕೆ ಮೇವು ಹಾಕಿ ಹಾಲು ಕರೆಯಲು ಬೀಗ ತೆಗೆದು ಒಳಗೆ ಬರುತ್ತಿದ್ದವರು ಇಷ್ಟು ವರ್ಷವೂ ಸಿದ್ದಮ್ಮನವರೇ. ಮೂರನೆಯ ದಿನ ಶಾಂತ ರೊಟ್ಟಿ ಬಡಿಯುತ್ತ ಹೇಳಿದಳು:

"ಇಂಟರ್ನೆಟ್ ಭದ್ರ ಆತಿಲ್ರಿ? ಬೀಗದ ಕೈ ಕೊಡಾಕ ಒಂದು ಮನಿ ಇಲ್ದಂಗ ಮಾಡಿಟ್ರಿ."

ಹೀಗಾಗಿ ನಾನು ವಿರೂಪಾಕ್ಷಪ್ಪನಿಗೆ ಪರೀಕ್ಷೆಯೊಂದನ್ನು ಸೂಚಿಸಿದೆ. ನನ್ನ ಮೋಡೆಮ್ ಕೀಳುತ್ತೇನೆ. ಅವನ ಇಂಟರ್ನೆಟ್ ನಿಂತರೆ ಅದು ನಮ್ಮದು, ನಿಲ್ಲದಿದ್ದರೆ ಅವನ ಮನೆಗೆ ಹೋಗಿ ಕ್ಷಮೆ ಕೇಳುತ್ತೇನೆ. ತನಗೂ ಇಂಟರ್ನೆಟ್ ಇದೆ, ತಾನು ಯಾರ ಹಂಗಿನಲ್ಲೂ ಇಲ್ಲ ಎಂದು ವಿರೂಪಾಕ್ಷಪ್ಪ ಒಪ್ಪಿದ. ತನ್ನ ಪಡಸಾಲೆಯಲ್ಲಿ ಲ್ಯಾಪ್‌ಟಾಪಿಗೆ ಕುಸ್ತಿಯ ವೀಡಿಯೊ ಹಚ್ಚಿ, ತಾಯಿಯನ್ನು ಕಾವಲಿಗೆ ಕೂರಿಸಿ, ನಾನು ಮೋಸ ಮಾಡದಂತೆ ನೋಡಲು ನಮ್ಮ ಮನೆಗೆ ಬಂದ. ನಾನು ವಯರು ಕಿತ್ತೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಆಚೆ ಮನೆಯಿಂದ ಸಿದ್ದಮ್ಮನವರ ದನಿ ಬಂತು.

"ವಿರೂಪಾಕ್ಷಿ, ಎತ್ತಿದಾವ ಎತ್ತಿಕೊಂಡೇ ನಿಂತಾನ. ಕೆಳಗ ಒಗೀವಲ್ಲ."

ವಿರೂಪಾಕ್ಷಪ್ಪನ ಮುಖದ ಬಣ್ಣ ಹೋಯಿತು. ಗೆದ್ದವನು ನಾನು, ಗೆದ್ದದ್ದು ತೋರದಂತೆ ಮುಖ ಗಂಭೀರ ಮಾಡಿಕೊಳ್ಳುತ್ತಿದ್ದೆ. ಆಗ ಶಾಂತ ನಡುಮನೆಯ ಕಡೆ ಕೈ ಮಾಡಿ, "ನಿಮ್ದು ಓಡಾಕತ್ತೈತಲ್ರಿ" ಎಂದಳು. ನೋಡಿದೆ. ಹೊಸ ಪುಟ ಒತ್ತಿದೆ, ಬಂತು. ಇನ್ನೊಂದು ಒತ್ತಿದೆ, ಅದೂ ಬಂತು. ವಿರೂಪಾಕ್ಷಪ್ಪ ತನ್ನ ಮನೆಗೆ ನಡೆದು, ತನ್ನ ಮೋಡೆಮ್ಮಿನ ಪ್ಲಗ್ಗು ಕಿತ್ತ. ನನ್ನ ಪುಟ ಅಲ್ಲೇ ನಿಂತಿತು.

ಆಮೇಲೆ ಇಬ್ಬರೂ ನಮ್ಮ ಪಡಸಾಲೆಯಲ್ಲಿ ಎದುರುಬದುರು ಕೂತೆವು. ನಮ್ಮ ಫೋನು, ಮೋಡೆಮ್ ಇರುವುದು ಪಡಸಾಲೆಯಲ್ಲಿ. ನಾನು ಕೆಲಸಕ್ಕೆ ಕೂರುವುದು ನಡುಮನೆಯಲ್ಲಿ. ಅವನ ಮೋಡೆಮ್ ನಡುಮನೆಯಲ್ಲಿ; ಅವನು ಕೂರುವುದು ಪಡಸಾಲೆಯಲ್ಲಿ. ಒಂದೇ ಗೋಡೆಯ ಆಚೆ ಈಚೆ ಅವನಿಗೆ ನನ್ನದು ಹತ್ತಿರ, ನನಗೆ ಅವನದು ಹತ್ತಿರ. ಎರಡೂ ಒಂದೇ ಕಂಪನಿಯ ಮೋಡೆಮ್. ಜೊತೆಗೆ ಬಂದ ಹೆಸರೂ ಒಂದೇ. ಪಾಸ್‌ವರ್ಡೂ ಒಂದಾದರೆ ಲ್ಯಾಪ್‌ಟಾಪು ತಾನಾಗಿ ಹತ್ತಿರದ್ದನ್ನು ಹಿಡಿಯುತ್ತದೆ. ಉಳಿದದ್ದು ಪಾಸ್‌ವರ್ಡ್. ಅದನ್ನು ಮೊದಲು ಯಾರು ಹೇಳಬೇಕು? ಇಬ್ಬರಿಗೂ ಅದು ಗುಟ್ಟು. ಕೊನೆಗೆ ವಿರೂಪಾಕ್ಷಪ್ಪ ದನಿ ತಗ್ಗಿಸಿ, "ಕೊಟ್ರೇಶ…" ಎಂದು ನಿಲ್ಲಿಸಿದ.

"ಒಂದು," ಎಂದೆ ನಾನು.

ಕೊಟ್ಟೂರಿನಲ್ಲಿ ಕಲ್ಲೆಸೆದರೆ ಅದು ಒಬ್ಬ ಕೊಟ್ರೇಶನ ಮೇಲೆ ಬೀಳುತ್ತದೆ. ತಪ್ಪಿದರೆ ಕೊಟ್ರಮ್ಮನ ಮೇಲೆ. ಕಷ್ಟ ಬಂದರೆ ಇಲ್ಲಿಯವರ ಬಾಯಿಗೆ ಬರುವುದೂ ಊರ ದೇವರ ಆ ಹೆಸರೇ. ಕಂಪ್ಯೂಟರು ಅಷ್ಟು ಅಕ್ಷರ ಸಾಲದು ಎಂದಾಗ ಎಲ್ಲರೂ ಸೇರಿಸುವುದು ಒಂದು. ಇಡೀ ಊರು ಒಂದೇ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾಗ, ನಾನೊಬ್ಬನೇ ಬೀಗ ಹಾಕಿದ್ದೇನೆಂದು ತಿಳಿದಿದ್ದೆ.

ಅಂದೇ ಎರಡೂ ವೈಫೈಗೆ ಬೇರೆ ಬೇರೆ ಹೆಸರಿಟ್ಟೆವು. ನನ್ನ ಪಾಸ್‌ವರ್ಡನ್ನು ಹಳೆಯದೊಂದು ಪತ್ರದ ಚೆಕ್ಕುಬಂದಿಯ ಸಾಲಿನಿಂದ ಎತ್ತಿದೆ: ಉದ್ದ, ಯಾರೂ ಊಹಿಸಲಾರದ್ದು, ನನಗೆ ಮಾತ್ರ ಬಾಯಿಪಾಠ. ಅದನ್ನು ವಿರೂಪಾಕ್ಷಪ್ಪನಿಗೂ ಹೇಳಿಟ್ಟೆ, ಬೀಗದ ಕೈ ಕೊಟ್ಟ ಹಾಗೆ. ಅವನು ತನ್ನದನ್ನು ನನಗೆ ಹೇಳಿದ. ಬೀಗದ ಕೈಯೂ ಅದೇ ಸಂಜೆ ಸಿದ್ದಮ್ಮನವರ ಸೆರಗಿಗೆ ವಾಪಸು ಹೋಯಿತು. ಹಡಗಲಿಯ ಮದುವೆಗೆ ನಾನೂ ಶಾಂತಳೂ ಹೋಗಿ ಬಂದೆವು. ಎಮ್ಮೆ ಉಪವಾಸ ಬೀಳಲಿಲ್ಲ.

ಮೇಲೆ ಹೇಳಿದ್ದನ್ನು ಕಣ್ಣಾರೆ ಕಂಡವರು ನನ್ನನ್ನು ಬಿಟ್ಟು ಮೂವರು, ಮೂವರೂ ಇದ್ದಾರೆ. ಒಬ್ಬಳು ಶಾಂತ, ಈ ವಿಷಯ ಬಂದಾಗ ನಗುತ್ತಾಳೆ, ಬೇರೇನೂ ಹೇಳುವುದಿಲ್ಲ. ಎರಡನೆಯವನು ವಿರೂಪಾಕ್ಷಪ್ಪ, ಕೇಳಿದರೆ ಮಾತು ಗೊಬ್ಬರದ ಕಡೆ ತಿರುಗಿಸುತ್ತಾನೆ. ಮೂರನೆಯವರು ಸಿದ್ದಮ್ಮನವರು. ಅವರು ಕಟ್ಟೆಯ ಮೇಲೆ ಕೂತು, ಕೇಳಿದವರಿಗೂ ಕೇಳದವರಿಗೂ ಹೇಳುವುದು ಇಷ್ಟು: "ನಮ್ಮ ಹುಡುಗ ವಯರ್ ಕಿತ್ತ ನೋಡ್ರಿ, ರೈಟ್ರ ಮನ್ಯಾಗ ಇಂಟರ್ನೆಟ್ ನಿಂತು ಬಿಡ್ತು." ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಎತ್ತಿಕೊಂಡೇ ನಿಂತ ಪೈಲ್ವಾನನ ವಿಷಯ ಮಾತ್ರ ಅವರ ಹೇಳಿಕೆಯಲ್ಲಿ ಬರುವುದಿಲ್ಲ. ಬರಲಿ ಎಂದು ಕೇಳಲು ಎರಡು ಮೂರು ಸಲ ಕಟ್ಟೆಯವರೆಗೆ ಹೋದೆ. ಆದರೆ ಸಾಕ್ಷಿ ಏನು ಹೇಳಬೇಕೆಂದು ಕಕ್ಷಿದಾರನೇ ಹೇಳಿಕೊಡುವಂತಿಲ್ಲ ಎಂದು ಕೂಡ್ಲಿಗಿಯಲ್ಲಿ ದಿನವೂ ಜನರಿಗೆ ತಿಳಿಹೇಳುವವನು ನಾನೇ.