ಒಂದೇ ಸಲ ಕೇಳುವ ದೇಶದಲ್ಲಿ

ಯಾರ ಮನೆಗೆ ಹೋದರೂ ಮೊದಲ ಸಲ ಕೇಳಿದಾಗ ಕಾಫಿ ಬೇಡ ಎನ್ನಬೇಕು ಎಂಬುದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿದ್ದಲ್ಲ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಹುಟ್ಟಿದವರಿಗೆ ಅದು ಹಲ್ಲು ಬಂದ ಹಾಗೆ ತಾನಾಗಿಯೇ ಬರುತ್ತದೆ. ಮೊದಲ ಸಲ, "ಅಯ್ಯೋ ಬೇಡಿ, ಈಗ ತಾನೇ ಕುಡ್ಕೊಂಡು ಬಂದೆ." ಎರಡನೆಯ ಸಲ, "ಸುಮ್ಮನೆ ನಿಮಗ್ಯಾಕೆ ತೊಂದರೆ." ಮೂರನೆಯ ಸಲಕ್ಕೆ, "ಸರಿ, ಅರ್ಧ ಲೋಟ ಕೊಡಿ." ಕೇಳುವವರಿಗೂ ಈ ಲೆಕ್ಕ ಗೊತ್ತು. ಮೊದಲನೆಯ ಬೇಡ ಕಿವಿಗೆ ಬೀಳುವಷ್ಟರಲ್ಲೇ ಅವರು ಹಾಲನ್ನು ಒಲೆಯ ಮೇಲಿಟ್ಟಿರುತ್ತಾರೆ. ನಮ್ಮಮ್ಮ ಒಮ್ಮೆ ಯಾರದೋ ಮದುವೆಯಲ್ಲಿ ಎರಡನೆಯ ಹೋಳಿಗೆ ಬಂದಾಗ ಎಲೆಗೆ ಕೈ ಅಡ್ಡ ಹಿಡಿದರೆ, ಬಡಿಸುವವನು ನಿಜವಾಗಿಯೂ ಮುಂದಿನ ಎಲೆಗೆ ಹೋಗಿಬಿಟ್ಟನಂತೆ. ಆ ದಂಪತಿಗಳ ಮಕ್ಕಳೇ ಈಗ ಕಾಲೇಜಿಗೆ ಹೋಗುತ್ತಿದ್ದಾರೆ. ಆದರೂ ಆ ಮನೆಯವರಿಗೆ ಉಪಚಾರ ಗೊತ್ತಿಲ್ಲ ಎಂದು ಅಮ್ಮ ಇವತ್ತಿಗೂ ಹೇಳುತ್ತಾರೆ. ಈ ಸಂಸ್ಕಾರವನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟುಕೊಂಡು ನಾನು ಅಮೆರಿಕಕ್ಕೆ ಬಂದೆ, ಅದು ನನ್ನ ವಿಜ್ಞಾನದ ಬದುಕನ್ನೇ ನುಂಗುವುದರಲ್ಲಿತ್ತು.

ನಾನು ನೊಣಗಳನ್ನು ನೋಡಿಕೊಳ್ಳುವವನು. ಮಾಗಿದ ಬಾಳೆಹಣ್ಣಿನ ಸುತ್ತ ಹಾರಾಡುತ್ತದಲ್ಲ, ಆ ಸಣ್ಣ ನೊಣ. ಮದುವೆಯ ಮಾತುಕತೆಯ ಹೊತ್ತಿಗೆ ಹುಬ್ಬಳ್ಳಿಯ ನಮ್ಮ ಮಾವನವರು, "ಹುಡುಗ ಪಿಎಚ್‌ಡಿ ಮುಗಿಸ್ಯಾನಂತ, ಈಗ ಏನ್ ಮಾಡ್ತಾನ?" ಎಂದು ಕೇಳಿದಾಗ ಮಧ್ಯಸ್ಥರು ಸತ್ಯವನ್ನೇ ಹೇಳಿದರಂತೆ. ಕೆಲಸವಿಲ್ಲದವನನ್ನು ನೊಣ ಹೊಡೆಯುತ್ತಾ ಕೂತಿದ್ದಾನೆ ಎನ್ನುವ ನಾಡಿನಲ್ಲಿ ಆ ಉತ್ತರಕ್ಕೆ ಹೆಣ್ಣು ಕೊಟ್ಟದ್ದು ಮಾವನವರ ದೊಡ್ಡತನ. ಆದರೆ ನನ್ನ ಕೆಲಸದ ಬಗ್ಗೆ ನನಗೆ ಎಂದೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಪಿಎಚ್‌ಡಿ ಮುಗಿಸಿ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದಕ್ಕೆ ಪೋಸ್ಟ್‌ಡಾಕ್ ಆಗಿ, ಅಂದರೆ ಇನ್ನೊಬ್ಬರ ಕೈಕೆಳಗೆ ಕೆಲವು ವರ್ಷ ಸಂಶೋಧನೆ ಮಾಡುವವನಾಗಿ, ಸೇರಿದ ಮೇಲೆ ನಾನೊಂದು ಹೊಸ ತಳಿಯ ನೊಣವನ್ನು ಕಂಡುಹಿಡಿದೆ. ಹೊಟ್ಟೆ ತುಂಬಿದರೂ ಅದಕ್ಕೆ ಸಾಕು ಅನ್ನಿಸುವುದಿಲ್ಲ. ತಿನ್ನುತ್ತದೆ, ತಿನ್ನುತ್ತದೆ, ಹಾರಲಾರದೆ ಕೂತಲ್ಲೇ ಕೂರುತ್ತದೆ. ಸಾಕು ಎಂಬ ಸುದ್ದಿ ಹೊಟ್ಟೆಯಿಂದ ತಲೆಗೆ ಹೇಗೆ ಹೋಗುತ್ತದೆ ಎನ್ನುವುದಕ್ಕೆ ಆ ನೊಣವೇ ಬೀಗದ ಕೈ. ಪೋಸ್ಟ್‌ಡಾಕ್ ಮುಗಿಸಿದವನು ಎಲ್ಲಾದರೂ ಪ್ರೊಫೆಸರ್ ಆಗಿ ಸ್ವಂತ ಲ್ಯಾಬು ಕಟ್ಟಬೇಕು. ಸಂದರ್ಶನದಲ್ಲಿ ಅವರು ಕೇಳುವ ಮೊದಲ ಪ್ರಶ್ನೆಯೇ, ನಿಮ್ಮದೇ ಲ್ಯಾಬಿನಲ್ಲಿ ಏನು ಮಾಡುತ್ತೀರಿ ಎನ್ನುವುದು. ನನ್ನ ಹತ್ತಿರ ಇದ್ದ ಉತ್ತರ ಒಂದೇ, ಆ ನೊಣ. ಅದು ಹುಟ್ಟಿದ್ದು ಬಾಸಿನ ಲ್ಯಾಬಿನಲ್ಲಿ, ಆದ್ದರಿಂದ ತೆಗೆದುಕೊಂಡು ಹೋಗಲು ಬಾಸು ಒಪ್ಪಬೇಕು.

ನಮ್ಮ ಬಾಸು ಕ್ಯಾರೊಲಿನ್. ಹೆಸರು ಹಿಡಿದು ಕರೆಯಿರಿ ಎಂದು ಅವರು ಮೊದಲ ದಿನವೇ ಹೇಳಿದ್ದರು. ಅಮ್ಮನ ವಯಸ್ಸಿನವರನ್ನು ಹಾಗೆ ಕರೆಯಲಾರದೆ ನಾನು ವರ್ಷಗಟ್ಟಲೆ ಅವರನ್ನು ಏನೆಂದೂ ಕರೆಯಲಿಲ್ಲ. ಅವರ ಬಾಗಿಲಲ್ಲಿ ನಿಂತು, ಅವರಾಗಿಯೇ ತಲೆಯೆತ್ತುವವರೆಗೆ ಮೆಲ್ಲಗೆ ಕೆಮ್ಮುತ್ತಿದ್ದೆ. ನನಗೆ ಆಸ್ತಮಾ ಇದೆ ಎಂದು ಅವರು ಬಹಳ ಕಾಲ ನಂಬಿದ್ದರು. ಒಂದು ದಿನ ಕಾರಿಡಾರಿನಲ್ಲಿ ಎದುರಾದವರೇ ಕೇಳಿದರು: "ನೀನು ಹೋಗುವಾಗ ಆ ನೊಣದ ಪ್ರಾಜೆಕ್ಟು ತೆಗೆದುಕೊಂಡು ಹೋಗುತ್ತೀಯಾ?" ಇದೊಂದು ಮಾತಿಗಾಗಿ ನಾನು ಎರಡು ವರ್ಷ ಕಾದಿದ್ದೆ. ಬಾಯಿ ಮಾತ್ರ ಒಂಟಿಕೊಪ್ಪಲಿನದು. "ಪರವಾಗಿಲ್ಲ, ಅದು ಲ್ಯಾಬಿನದೇ ಅಲ್ಲವೇ?" ಎಂದೆ. "ಗ್ರೇಟ್!" ಎಂದು ಅವರು ನಡೆದೇಬಿಟ್ಟರು.

ನಾನು ಎರಡನೆಯ ಸಲ ಕೇಳುತ್ತಾರೆಂದು ಕಾದೆ. ಕೆಲಸವಿಲ್ಲದಿದ್ದರೂ ದಿನಕ್ಕೆ ನಾಲ್ಕು ಸಲ ಅವರ ಬಾಗಿಲ ಮುಂದೆ ಸುಳಿದಾಡಿದೆ. ಮೂರು ವಾರ ಕಳೆದ ಮೇಲೆ ಸೋಮವಾರದ ಲ್ಯಾಬ್ ಮೀಟಿಂಗಿನಲ್ಲಿ ಕ್ಯಾರೊಲಿನ್ ಸಂತೋಷದಿಂದ ಹೇಳಿದರು, ಆ ಪ್ರಾಜೆಕ್ಟು ಹೊಸದಾಗಿ ಬಂದ ಹ್ಯಾನಾಗೆ, ಅವಳು ಆಗಲೇ ಶುರುಮಾಡಿದ್ದಾಳೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನೇ.

ಸಂಜೆ ಕ್ಯಾಂಪ್‌ಬೆಲ್ ಎಂಬ ಊರಿನ ನಮ್ಮ ಮನೆಗೆ ಬಂದು ಹೆಂಡತಿ ವಿದ್ಯಾಳ ಮುಂದೆ ಎಲ್ಲವನ್ನೂ ತೋಡಿಕೊಂಡೆ. ಅವಳು ಸಾಂಟಾ ಕ್ಲಾರಾದ ಚಿಪ್ ಕಂಪನಿಯಲ್ಲಿ ಎಂಜಿನಿಯರು. ಅಲ್ಲಿ ಇಂಗ್ಲಿಷು, ಮನೆಯಲ್ಲಿ ಅಪ್ಪಟ ಹುಬ್ಬಳ್ಳಿ.

"ಎಷ್ಟ್ ಸಲ ಕೇಳಿದ್ರು?" ಎಂದಳು.

"ಒಂದೇ ಸಲ."

"ನೀವೇನಂದ್ರಿ?"

"ಪರವಾಗಿಲ್ಲ ಅಂದೆ. ಹಾಗಂದ್ರೆ ಬೇಡ ಅಂತಲ್ಲ, ಇನ್ನೊಂದ್ಸಲ ಕೇಳಿ ಅಂತ."

"ಅದು ಆಕಿಗೆ ಹ್ಯಾಂಗ್ ಗೊತ್ತಾಗಬೇಕ್ರೀ? ಆಕಿ ಏನ್ ಮೈಸೂರಾಗ ಹುಟ್ಯಾಳೇನು? ಬೇಕಂದ್ರ ಬೇಕನ್ರಿ, ಬ್ಯಾಡಂದ್ರ ಬ್ಯಾಡನ್ರಿ. ನಡುವ ಇದೇನಿದು, ಪರವಾಗಿಲ್ಲ?"

ಆರು ವರ್ಷದ ಮಗಳು ಮೇಜಿನ ಕೆಳಗೆ ಚಿತ್ರ ಬಿಡಿಸುತ್ತಾ ಕೂತಿದ್ದಳು. ಅವಳ ವಿಷಯವನ್ನೂ ಹೇಳಿಬಿಡುತ್ತೇನೆ. ಹಿಂದಿನ ವಾರ ಸ್ನೇಹಿತರ ಮನೆಯಲ್ಲಿ ಚಕ್ಕುಲಿ ತಟ್ಟೆ ಬಂದಾಗ ನಾನು ಸಂಪ್ರದಾಯದಂತೆ ಬೇಡವೆಂದೆ. ಮಗಳು, "ಐ ವಾಂಟ್ ತ್ರೀ, ಪ್ಲೀಸ್" ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವಳಿಗೆ ಮೂರು ಚಕ್ಕುಲಿ ಸಿಕ್ಕಿತು, ನಾನು ಬರಿಗೈಯಲ್ಲಿ ಮನೆಗೆ ಬಂದೆ. ವಿಜ್ಞಾನಿಯಾದವನು ಅಂದೇ ಈ ಫಲಿತಾಂಶವನ್ನು ಗಮನಿಸಬೇಕಿತ್ತು.

ವಿದ್ಯಾ ಮರುದಿನದಿಂದಲೇ ನನಗೆ ಪಾಠ ಶುರುಮಾಡಿದಳು. ಮನೆಯಲ್ಲಿ ಏನನ್ನೇ ಆಗಲಿ ಒಂದೇ ಸಲ ಕೇಳುವುದು. "ಇನ್ನೊಂದು ರೊಟ್ಟಿ?" ಎಂದಳು. "ಸಾಕು ಸಾಕು," ಎಂದೆ, ಕೆಟ್ಟ ಚಾಳಿ. ರೊಟ್ಟಿಯ ಡಬ್ಬಿಯ ಮುಚ್ಚಳ ಠಪ್ಪೆಂದು ಬಿತ್ತು. ಬದನೆಕಾಯಿ ಎಣಗಾಯಿ ಕಣ್ಣೆದುರಿಗೇ ಫ್ರಿಜ್ಜಿನೊಳಕ್ಕೆ ಹೋಯಿತು. ಹೀಗೆ ಮೂರು ದಿನ ಅರ್ಧ ಹೊಟ್ಟೆಯಲ್ಲಿದ್ದೆ. ಸಾಕು ಎನ್ನಲು ಬಾರದ ನೊಣವನ್ನು ಸಾಕಿದ ನಾನು ಬೇಕು ಎನ್ನಲು ಬಾರದವನು ಎಂಬುದು ಹಸಿವಿನಲ್ಲಿ ಹೊಳೆಯಿತು. ನಾಲ್ಕನೆಯ ದಿನ ಅವಳು ಬಾಯಿ ತೆರೆಯುವ ಮೊದಲೇ "ಬೇಕು!" ಎಂದು ಕಿರುಚಿದ್ದಕ್ಕೆ ಮಗಳು ಹೆದರಿ ಹಾಲು ಚೆಲ್ಲಿದಳು. "ಈಗ ಹೋಗ್ರಿ ಲ್ಯಾಬಿಗೆ," ಎಂದಳು ವಿದ್ಯಾ.

ಮೊದಲ ಸಂದರ್ಶನಕ್ಕೆ ಇನ್ನು ಎರಡೇ ವಾರ ಉಳಿದಿತ್ತು. ಬೆಳಗಿನ ರೈಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋವರೆಗೂ ಒಂದೇ ವಾಕ್ಯವನ್ನು ಪಿಸುಗುಟ್ಟಿದೆ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು. ಈ ಸಲ ಬಾಗಿಲಲ್ಲಿ ಕೆಮ್ಮಲಿಲ್ಲ. "ಕ್ಯಾರೊಲಿನ್, ನನಗೆ ಆ ನೊಣಗಳು ಬೇಕು," ಎಂದೆ.

ಅವರು ಕನ್ನಡಕ ತೆಗೆದರು. "ನೀನೇ ಬೇಡ ಎಂದೆಯಲ್ಲ?"

ನಾನು ಕೂತು, ಕಾಫಿಯ ಮೂರು ಸುತ್ತಿನ ಶಾಸ್ತ್ರವನ್ನು ಮೊದಲಿನಿಂದ ವಿವರಿಸಿದೆ. ಅವರು ಪ್ರಯೋಗದ ವರದಿ ಕೇಳುವಷ್ಟೇ ಶ್ರದ್ಧೆಯಿಂದ ಕೇಳಿ, "ಮೂರನೆಯ ಸಲವೂ ಬೇಡ ಎಂದರೆ?" ಎಂದರು.

"ಆಗ ನಿಜವಾಗಿ ಹೊಟ್ಟೆ ತುಂಬಿದೆ ಅಂತ ಅರ್ಥ."

ಅವರು ನಕ್ಕ ನಗು ಪಕ್ಕದ ಲ್ಯಾಬಿಗೂ ಕೇಳಿಸಿತು. "ನೀನು ಬೇಡ ಎಂದಾಗ ಇದಕ್ಕಿಂತ ದೊಡ್ಡ ಪ್ರಾಜೆಕ್ಟೇನೋ ಬಚ್ಚಿಟ್ಟುಕೊಂಡಿದ್ದೀಯ ಎಂದುಕೊಂಡಿದ್ದೆ. ತೆಗೆದುಕೊಂಡು ಹೋಗು. ಆದರೆ ಹ್ಯಾನಾಗೆ ನೀನೇ ಹೇಳಬೇಕು." ಅದು ಇನ್ನೂ ಕಷ್ಟದ ಕೆಲಸ ಎಂದುಕೊಂಡು ಹೋದೆ. ಹ್ಯಾನಾ ಮುಖ ಸಣ್ಣದು ಮಾಡಿಕೊಂಡಳು, ಒಂದು ಕ್ಷಣ ಯೋಚಿಸಿದಳು, ಆಮೇಲೆ, "ಸರಿ. ಗಂಡು ನೊಣಗಳ ಮೇಲಿನ ಕೆಲಸ ನನಗೆ ಬೇಕು, ಮಿಕ್ಕಿದ್ದೆಲ್ಲ ನಿನಗೆ," ಎಂದಳು. ನಾನು ಮೂರು ವಾರ ನಿದ್ದೆಗೆಟ್ಟ ವ್ಯವಹಾರವನ್ನು ಅವಳು ಒಂದೇ ಉಸಿರಿನಲ್ಲಿ ಮುಗಿಸಿದಳು.

ಸಂದರ್ಶನದಲ್ಲಿ, ನಿಮಗೆ ಏನೇನು ಬೇಕು ಎಂದು ಕೇಳಿದರು. ಎರಡು ಮೈಕ್ರೋಸ್ಕೋಪು, ಕಿಟಕಿಯಿರುವ ಕೋಣೆ, ನೊಣಗಳಿಗೆ ಬೆಚ್ಚಗಿನ ಪ್ರತ್ಯೇಕ ಕೋಣೆ ಎಂದು ಮಗಳು ಚಕ್ಕುಲಿ ಕೇಳಿದ ಧಾಟಿಯಲ್ಲೇ ಕೇಳಿದೆ. ಕೆಲಸ ಸಿಕ್ಕಿತು. ಈಗ ಸ್ವಂತ ಲ್ಯಾಬಿಗೆ ಏಳು ವರ್ಷ. ನೊಣಗಳು ಚೆನ್ನಾಗಿ ತಿನ್ನುತ್ತಿವೆ, ನಾನೂ ಅವುಗಳ ಮೇಲೆ ಚೆನ್ನಾಗಿ ಬರೆಯುತ್ತಿದ್ದೇನೆ. ಪಿಎಚ್‌ಡಿ ಮುಗಿಸಿದವರು ಬಂದು, ಮುಂದೆ ಬರುವುದು ಹೇಗೆ ಎಂದು ಕೇಳಿದರೆ ನನ್ನದೊಂದು ಭಾಷಣವೇ ಸಿದ್ಧವಿದೆ. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ, ಮೊದಲ ಸಲವೇ ಬೇಕು ಎನ್ನಿ ಎಂದು ಮೇಜು ಕುಟ್ಟಿ ಹೇಳುತ್ತೇನೆ.

ಇವತ್ತು ನನ್ನ ಪೋಸ್ಟ್‌ಡಾಕ್ ಸಹನಾಳನ್ನು ಕರೆದೆ. ಹಾಸನದ ಹುಡುಗಿ, ಬಲು ಚುರುಕು. ಕಳೆದ ವರ್ಷ ಅವಳೊಂದು ಅದ್ಭುತವಾದ ತಳಿ ಕಂಡುಹಿಡಿದಳು, ಹಸಿದಿದ್ದರೂ ಪಕ್ಕದ ನೊಣ ತಿನ್ನಲಿ ಎಂದು ಕಾಯುವಂಥದ್ದು. ನಿಜ ಹೇಳಬೇಕೆಂದರೆ ಅದರ ಮೇಲೆ ನನಗೆ ಕಣ್ಣಿತ್ತು. ಆದರೂ ಧರ್ಮ ಬಿಟ್ಟು ನಡೆಯಬಾರದೆಂದು, "ಹೋಗುವಾಗ ಈ ಪ್ರಾಜೆಕ್ಟು ತಗೊಂಡು ಹೋಗ್ತೀಯೇನಮ್ಮ?" ಎಂದು ಕೇಳಿದೆ. "ಪರವಾಗಿಲ್ಲ ಸಾರ್, ಲ್ಯಾಬಿಂದೇ ಅಲ್ವಾ," ಎಂದಳು. "ಗ್ರೇಟ್!" ಎಂದೆ. ಸಂಜೆ ಫ್ರೀವೇಯುದ್ದಕ್ಕೂ ಶಿಳ್ಳೆ ಹೊಡೆಯುತ್ತಾ ಮನೆಗೆ ಬಂದು, ಊಟಕ್ಕೆ ಕೂತು, ವಿದ್ಯಾಳಿಗೆ ಈ ಸಂತೋಷದ ಸುದ್ದಿಯನ್ನು ಹೇಳಿದೆ.

ಅವಳು ರೊಟ್ಟಿ ಹಾಕಲು ಬಂದವಳು ಕೈ ತಡೆದು ನಿಂತಳು.

"ಎಷ್ಟ್ ಸಲ ಕೇಳಿದ್ರಿ?"

ಡಬ್ಬಿಯ ಮುಚ್ಚಳ ಠಪ್ಪೆಂದಿತು. ನಾಳೆ ಬೆಳಿಗ್ಗೆ ಹೋಗಿ ಸಹನಾಳನ್ನು ಇನ್ನೆರಡು ಸಲ ಕೇಳುತ್ತೇನೆ. ಮೂರನೆಯ ಸಲವೂ ಅವಳು ಬೇಡ ಎನ್ನಲಿ ಎಂದು ಒಳಗೊಳಗೇ ಹಾರೈಸುತ್ತಿದ್ದೇನೆ. ಆದರೆ ಹುಡುಗಿ ಹಾಸನದವಳು, ಅನ್ನಲಾರಳು.