ಸವೆದ ಪಲ್ಪರಿಗೆ ಮಾಣಿಕ್ಯದ ಅಳತೆ

ಅಳತೆಯನ್ನೇ ಕಸುಬು ಮಾಡಿಕೊಂಡವನಿಗೆ ಮನೆಯಲ್ಲಿ ಹೆಚ್ಚಿನ ಮರ್ಯಾದೆ ಸಿಗುವುದಿಲ್ಲ. ಅನ್ನಕ್ಕೆ ಎಷ್ಟು ನೀರಿಡಬೇಕೆಂದು ನನ್ನ ಹೆಂಡತಿ ಇಂದಿಗೂ ನನ್ನನ್ನು ಕೇಳಿಲ್ಲ. ಬೆರಳು ಅದ್ದಿ ನೋಡುತ್ತಾಳೆ, ಅನ್ನ ಉದುರುದುರಾಗಿರುತ್ತದೆ. ಎರಡು ಸಾವಿರದ ಇಸವಿಯ ಆಚೀಚೆ ನಾನು ಚಿಕ್ಕಮಗಳೂರಿನ ಸಣ್ಣ ಕಾರ್ಖಾನೆಯೊಂದರಲ್ಲಿ ಕೋಆರ್ಡಿನೇಟ್ ಮೆಷರಿಂಗ್ ಮೆಷಿನ್ ನಡೆಸುತ್ತಿದ್ದೆ. ಕಲ್ಲಿನ ಮೇಜಿನ ಮೇಲೆ ಓಡಾಡುವ ಒಂದು ಕಡ್ಡಿ, ಅದರ ತುದಿಗೆ ಸಾಸಿವೆಗಿಂತ ತುಸು ದೊಡ್ಡದಾದ ಮಾಣಿಕ್ಯದ ಗುಂಡು. ಅದು ವಸ್ತುವನ್ನು ಮುಟ್ಟಿದ ಪ್ರತಿ ಜಾಗದ ಉದ್ದ, ಅಗಲ, ಎತ್ತರ ಹೇಳುತ್ತದೆ. ಆ ಚುಕ್ಕಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹೆಣೆದರೆ ಎಂಥ ಉಬ್ಬುತಗ್ಗಿನ ವಸ್ತುವೂ ಪರದೆಯ ಮೇಲೆ ಎದ್ದು ನಿಲ್ಲುತ್ತದೆ. ಇಡೀ ಕಾರ್ಖಾನೆಯಲ್ಲಿ ಎ.ಸಿ. ಇದ್ದದ್ದು ಆ ಕೋಣೆಗೆ ಮಾತ್ರ. ಮ್ಯಾನೇಜರೂ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. "ನನಗಿಲ್ಲದ ಮಾಣಿಕ್ಯ ಅದಕ್ಕೆ" ಎಂದು ಹೆಂಡತಿ ಒಮ್ಮೆ ಅಂದದ್ದನ್ನು ಬಿಟ್ಟರೆ ಆ ಯಂತ್ರದ ಬಗ್ಗೆ ಯಾರೂ ಹಗುರವಾಗಿ ಮಾತಾಡಿದ್ದಿಲ್ಲ.

ವಸ್ತಾರೆಯ ಹತ್ತಿರ ನನ್ನ ಮಾವನವರ ತೋಟ. ಅಲ್ಲೊಂದು ಹಳೆಯ ಪಲ್ಪರ್. ತಿರುಗುವ ಉರುಳೆಗೂ ಅದರೆದುರು ಬಾಗಿ ನಿಂತ ಎರಕದ ಹಲಗೆಗೂ ನಡುವೆ ಸಿಕ್ಕಿ ಕಾಫಿ ಹಣ್ಣು ಸಿಪ್ಪೆ ಬಿಡುತ್ತದೆ. ಆ ವರ್ಷ ಹಲಗೆಯ ನಡುಭಾಗದಲ್ಲಿ ಹಣ್ಣು ಇಡಿಯಾಗಿಯೇ ಜಾರತೊಡಗಿತು. ಬಿಗಿ ಮಾಡಿದರೆ ಅಂಚಿನಲ್ಲಿ ಬೀಜ ತುಂಡಾಗುತ್ತಿತ್ತು. ಮೆಕ್ಯಾನಿಕ್ ಇಸ್ಮಾಯಿಲ್ ಸಾಬರು ಬಂದು ಹಲಗೆಯ ಮೇಲೆ ಹೆಬ್ಬೆರಳು ಆಡಿಸಿ, "ಸವ್ದಿದೆ ಗೌಡ್ರೇ. ಹಿತ್ತಾಳೆ ತುಂಬ್ಸಿ ಅರ ಹೊಡೆದು ಕೊಡ್ತೀನಿ" ಎಂದರು. ಭಾನುವಾರದ ಊಟಕ್ಕೆಂದು ಹೋಗಿದ್ದ ನಾನು ಉಂಡು ಸುಮ್ಮನಿರಬಹುದಿತ್ತು. ಆದರೆ ಮದುವೆಯಾಗಿ ಆರು ವರ್ಷವಾದರೂ ನನ್ನ ಕೆಲಸ ಏನೆಂದು ಮಾವನವರಿಗೆ ಅರ್ಥವಾಗಿರಲಿಲ್ಲ. "ನಮ್ಮ ಅಳಿಯಂದಿರು ಟೇಪು ಹಿಡೀತಾರೆ" ಎಂದೇ ನೆಂಟರಿಗೆ ಪರಿಚಯಿಸುತ್ತಿದ್ದರು. ಅದು ನನಗೆ ಚುಚ್ಚುತ್ತಿತ್ತು. "ತೇಪೆ ಯಾಕೆ ಮಾವ? ಸವೆದಿದೆ ತಾನೇ, ಥೇಟ್ ಇದರ ಹಾಗೇ ಹೊಸದು ಮಾಡಿಸ್ತೀನಿ. ಕೂದಲೆಳೆ ವ್ಯತ್ಯಾಸ ಬರಲ್ಲ" ಎಂದುಬಿಟ್ಟೆ. ಸಾಬರು ನನ್ನ ಮುಖವನ್ನೊಮ್ಮೆ ನೋಡಿ, ಕಾಫಿ ಲೋಟ ಕೆಳಗಿಟ್ಟು ಹೊರಟರು.

ಮ್ಯಾನೇಜರ ಒಪ್ಪಿಗೆ ಪಡೆದು, ಹಲಗೆಯನ್ನು ಕಾರ್ಖಾನೆಗೆ ಒಯ್ದು ಮೂರು ದಿನ ಅಳೆದೆ. ಹಲಗೆಯ ನಡುವೆ ಒಂದು ಸೊಗಸಾದ ತಗ್ಗು ಸಿಕ್ಕಿತು. ಹಳೆಯ ಕಾಲದವರ ಲೆಕ್ಕಾಚಾರವೇ ಲೆಕ್ಕಾಚಾರ ಎಂದು ತಲೆದೂಗಿ, ಅಲ್ಲಿ ಇನ್ನಷ್ಟು ಒತ್ತೊತ್ತಾಗಿ ಚುಕ್ಕಿ ತೆಗೆದುಕೊಂಡೆ. ಬಣ್ಣದ ಚಿತ್ರಗಳಿದ್ದ ವರದಿ ತಯಾರಾಯಿತು. ಅದರ ಪ್ರಕಾರ ಹೊಸ ಹಲಗೆಯೂ ತಯಾರಾಯಿತು.

ಮುಂದಿನ ಕುಯ್ಲಿನ ದಿನ ಅದನ್ನು ಕೂರಿಸಿದೆವು. ಅಂಗಳದಲ್ಲಿ ಹಣ್ಣಿನ ರಾಶಿ. ಅವತ್ತೇ ಸಿಪ್ಪೆ ಬಿಡಿಸದಿದ್ದರೆ ಮಾರನೆಯ ದಿನಕ್ಕೆ ಹುಳಿ ವಾಸನೆ. ಪಲ್ಪರ್ ತಿರುಗಿತು. ನಡುವಿನಿಂದ ಹಣ್ಣುಗಳು ಇಡಿಯಾಗಿ, ಹೋದ ವಾರದಷ್ಟೇ ನಿರಾತಂಕವಾಗಿ ಜಾರಿ ಬಂದವು. ಮಾವನವರು ಒಂದು ಬೊಗಸೆ ಎತ್ತಿ ನೋಡಿ, "ನೀವು ಹೇಳಿದ್ದು ಸರಿ. ಕೂದಲೆಳೆ ವ್ಯತ್ಯಾಸ ಇಲ್ಲ" ಎಂದರು. ಅವರು ನಗಲಿಲ್ಲ; ನಕ್ಕಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಆ ಸೊಗಸಾದ ತಗ್ಗನ್ನು ಮಾಡಿದ್ದು ಹಳೆಯ ಕಾಲದವರಲ್ಲ, ಹಳೆಯ ಕಾಲದ ಕಾಫಿ ಹಣ್ಣುಗಳು ಎಂಬುದು ಅಟ್ಟ ಮೇಲೆ ಒಲೆ ಉರಿದಂತೆ ನನಗೆ ಆಗ ಹೊಳೆಯಿತು.

ಮಾವನವರು ಜೀಪು ಕಳಿಸಿ ಸಾಬರನ್ನು ಕರೆಸಿದರು. ಅವರು ಹೊಸ ಹಲಗೆಯ ಮೇಲೆ ಹೆಬ್ಬೆರಳು ಆಡಿಸಿ, "ಸವೆತಾನೂ ಅಳ್ದುಬಿಟ್ಟಿದೀರಲ್ಲ ಮಾರಾಯ್ರೆ" ಎಂದಷ್ಟೇ ಹೇಳಿ ಕೆಲಸಕ್ಕೆ ಕೂತರು. ಹಿತ್ತಾಳೆ ತುಂಬಿ, ಅರದಿಂದ ಉಜ್ಜಿ, ಒಂದೊಂದು ಹಿಡಿ ಹಣ್ಣು ಹಾಕಿ ನೋಡುತ್ತ, ಸಂಜೆಯೊಳಗೆ ಬೀಜ ಒಡೆಯದೆ ನುಣ್ಣಗೆ ಬರುವ ಹಾಗೆ ಮಾಡಿದರು. ಹಣ್ಣಿನ ರಾಶಿ ಹುಳಿಯಾಗದೆ ಉಳಿಯಿತು.

ಕೈ ತೊಳೆದ ಮೇಲೆ ಸಾಬರು ನನ್ನ ವರದಿಯನ್ನು ಕೇಳಿ ತೆಗೆದುಕೊಂಡು, ಚಿತ್ರಗಳನ್ನು ನೋಡುತ್ತ, "ಚೆನ್ನಾಗಿದೆ ಸಾರ್. ಅಳ್ಯೋರಿಗೆ ಗೊತ್ತಾಗ್ದೆ ಹೋಗ್ಬಹುದು. ಆಮೇಲೆ ನೋಡಿ ಪಾಸ್ ಮಾಡೋರು ಅಂತ ಒಬ್ರಿರ್ತಾರಲ್ಲ, ಅವ್ರಿಗಾದ್ರೂ ಗೊತ್ತಾಗ್ಬೇಕಿತ್ತು" ಎಂದರು.

"ಅವನು ಸ್ವಲ್ಪ ಬೇಜವಾಬ್ದಾರಿ ಮನುಷ್ಯ" ಎಂದು ಹೇಳಿ, ಅವರು ಕೊನೆಯ ಪುಟಕ್ಕೆ ಬರುವ ಮೊದಲೇ ವರದಿಯನ್ನು ವಾಪಸ್ಸು ಪಡೆದೆ. ಆ ಪುಟದಲ್ಲಿ 'ಅಳೆದವರು', 'ಪರಿಶೀಲಿಸಿದವರು' ಎಂದು ಎರಡು ಗೆರೆಗಳಿದ್ದವು. ಆ ವಾರ ಕಾರ್ಖಾನೆಯಲ್ಲಿ ಜನ ಕಡಿಮೆಯಿದ್ದುದರಿಂದ ಎರಡರ ಮೇಲೂ ನಾನೇ ಸಹಿ ಹಾಕಿದ್ದೆ.